ಅರ್ಧ ಪಿಂಟಿನ ಗಂಡಸು

ಹೆಂಡತಿ ಮನೆಯಲ್ಲಿ ಹಾಡುತ್ತಾಳೆ ಎಂದು ದೂರುವ ಗಂಡಸರು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಬೇಕಾದಷ್ಟಿದ್ದಾರೆ. ಕ್ಲಿಫರ್ಡ್ ಹೋಲ್‌ರಾಯ್ಡನ ದೂರು ಬೇರೆ. ಮೂವತ್ತಾರು ವರ್ಷ ಹಾಡದೆ ಇದ್ದವಳು ಈಗೇಕೆ ಹಾಡುತ್ತಿದ್ದಾಳೆ ಎನ್ನುವುದು ಅವನ ದೂರು.

ಸಂಗೀತ ನಾಟಕಗಳ ಬಗ್ಗೆ ಅವನ ಹೆಂಡತಿ ಮೇವಿಸಳ ಅಭಿಪ್ರಾಯ ಇಡೀ ಬೀದಿಗೆ ಗೊತ್ತಿತ್ತು. "ಮಾತಾಡ್ತಾ ಮಾತಾಡ್ತಾ ಯಾರಾದ್ರೂ ಎದ್ದು ನಿಂತು ಹಾಡೋಕೆ ಶುರು ಮಾಡಿದ್ರೆ ಅವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. ಚಪ್ಪಾಳೆ ತಟ್ಟಿ ಹುರಿದುಂಬಿಸೋದಲ್ಲ," ಎನ್ನುತ್ತಿದ್ದಳು. ಟೀವಿಯಲ್ಲಿ ಹಳೆಯ ಹಾಡಿನ ಸಿನಿಮಾ ಬಂದರೆ, ನಾಯಕ ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಚಹಾಕ್ಕೆ ಕೆಟಲ್ ಇಡಲು ಹೋಗಿರುತ್ತಿದ್ದಳು.

ಅಂಥವಳು ಹೊಸ ವರ್ಷದ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಒಂದು ದೊಡ್ಡ ಹಾಳೆಯನ್ನು ಅಂಟಿಸಿದಳು. ಐವತ್ತೆರಡು ಚೌಕ. ಊರಿನ ಎಂಪ್ರೆಸ್ ಥಿಯೇಟರಿನ ವಾರ್ಷಿಕ ಮಹಾಸಂಕಲ್ಪ ಅದು: ಪ್ರತಿ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಒಂದು ವಾರ ರಂಗದ ಮೇಲೆ ಸಂಗೀತ ನಾಟಕ, ಮರುವಾರ ಅದೇ ರಂಗಕ್ಕೆ ಪರದೆ ಇಳಿಬಿಟ್ಟು ಹಾಡಿನ ಸಿನಿಮಾ. ವರ್ಷ ಪೂರ್ತಿ, ಒಂದೂ ತಪ್ಪಿಸದೆ.

"ಐವತ್ತೆರಡು," ಎಂದಳು ಮೇವಿಸ್, ಗಂಡನ ಮುಖವನ್ನೇ ನೋಡುತ್ತ.

"ಎಣಿಸಿದೆ," ಎಂದ ಕ್ಲಿಫರ್ಡ್, ಪೇಪರಿನ ಹಿಂದಿನಿಂದ.

ಅವಳು ಅರ್ಧ ನಿಮಿಷ ನಿಂತೇ ಇದ್ದಳು. ಆಮೇಲೆ ಹೋಗಿ ಮೊಟ್ಟೆ ಬೇಯಿಸಿದಳು. ಮೊಟ್ಟೆ ಕಲ್ಲಾಗಿತ್ತು.

ಇಲ್ಲಿ ಕ್ಲಿಫರ್ಡನ ವೃತ್ತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನು ನಲವತ್ತು ವರ್ಷ ಪುರಸಭೆಯ ತೂಕ-ಅಳತೆ ಇನ್‌ಸ್ಪೆಕ್ಟರಾಗಿದ್ದು ಹಿಂದಿನ ನವೆಂಬರಿನಲ್ಲಷ್ಟೇ ನಿವೃತ್ತನಾದವನು. ಕಣಿವೆಯ ಉದ್ದಕ್ಕೂ ಅವನು ತೂಗದ ಸಾಸೇಜಿಲ್ಲ, ಅಳೆಯದ ಬಿಯರ್ ಗ್ಲಾಸಿಲ್ಲ. ಈ ಲೋಕದಲ್ಲಿ ಗ್ಲಾಸನ್ನು ಅಳತೆಯ ಗೆರೆಯವರೆಗೆ ತುಂಬುವ ಮನುಷ್ಯ ಹುಟ್ಟಿಲ್ಲ ಎನ್ನುವುದು ನಲವತ್ತು ವರ್ಷದ ತಪಸ್ಸಿನಿಂದ ಅವನಿಗೆ ದೊರೆತ ಜ್ಞಾನ. ಥಿಯೇಟರಿನ ಒಳಗೂ ಅವನು ಕಾಲಿಟ್ಟಿದ್ದುಂಟು. ಆದರೆ ಹೋಗಿದ್ದೆಲ್ಲ ಮಧ್ಯಂತರದ ಬಾರನ್ನು ತಪಾಸಣೆ ಮಾಡುವುದಕ್ಕೆ. ಪರದೆ ಬೀಳುವ ಐದು ನಿಮಿಷ ಮೊದಲು ಹಿಂದಿನ ಬಾಗಿಲಿನಿಂದ ಒಳಗೆ, ಅಳತೆ ಮುಗಿದ ಕೂಡಲೇ ಹೊರಗೆ.

ಇಂಥವನಿಗೆ ಅನುಮಾನ ಬರುವುದು ಉಸಿರು ಬಂದ ಹಾಗೆ. ಕ್ರಿಸ್‌ಮಸ್ಸಿಗೆ ಮೇವಿಸ್ ಕೊಟ್ಟ ಉಡುಗೊರೆಯನ್ನು ಮಾತ್ರ ಅವನು ಅನುಮಾನಿಸಿರಲಿಲ್ಲ. ಪ್ರತಿ ವರ್ಷದಂತೆ ಅದು ಒಂದು ಲಕೋಟೆ. ಪ್ರತಿ ವರ್ಷ ಅದರಲ್ಲಿ ಇರುತ್ತಿದ್ದದ್ದು ಕಾಲುವೆ ಸಂರಕ್ಷಣಾ ಸಂಘದ ಸದಸ್ಯತ್ವದ ನವೀಕರಣ. ಆದ್ದರಿಂದ ಪ್ರತಿ ವರ್ಷದಂತೆ "ಒಳ್ಳೇದಾಯ್ತು ಕಣೇ," ಎಂದು ಹೇಳಿ, ತೆರೆಯದೆ, ಒಲೆಗೂಡಿನ ಮೇಲಿನ ಗಡಿಯಾರದ ಹಿಂದೆ ಸಿಕ್ಕಿಸಿದ್ದ. (ಆ ವರ್ಷ ಸಂಘದ ಮಾಸಪತ್ರಿಕೆ ಬರುವುದು ನಿಂತೇ ಹೋಯಿತು. ಕ್ಲಿಫರ್ಡ್ ಸಂಘದ ಕಾರ್ಯದರ್ಶಿಗೆ ಎರಡು ಖಾರವಾದ ಪತ್ರ ಬರೆದ. ಎರಡನೆಯದರಲ್ಲಿ 'ಲೋಪ' ಎಂಬ ಪದ ನಾಲ್ಕು ಸಲ ಇತ್ತು.)

ಬುಧವಾರಗಳು ಉರುಳಿದವು. ಮೇವಿಸ್ ಒಂದು ಗಂಟೆಗೆ ಕೋಟು ತೊಟ್ಟು, ಟೋಪಿ ಇಟ್ಟು, ಹೊಸ್ತಿಲ ಮೇಲೆ ನಿಂತು, "ಇವತ್ತು ಬುಧವಾರ," ಎನ್ನುತ್ತಿದ್ದಳು.

"ಗೊತ್ತು," ಎನ್ನುತ್ತಿದ್ದ ಕ್ಲಿಫರ್ಡ್.

ಆಗಲೂ ಅವಳು ಅರ್ಧ ನಿಮಿಷ ನಿಲ್ಲುತ್ತಿದ್ದಳು. ತಪ್ಪು ಮಾಡಿದ ಅಂಗಡಿಯವರು ಇನ್‌ಸ್ಪೆಕ್ಟರನ ಮುಂದೆ ನಿಲ್ಲುವುದು ಹೀಗೆಯೇ. ಏನೋ ಹೇಳಬೇಕು, ಬಾಯಿ ಬರುವುದಿಲ್ಲ. ಕ್ಲಿಫರ್ಡ್ ಈ ನಿಲುವನ್ನು ಸಾವಿರ ಸಲ ನೋಡಿದ್ದ.

ಮಾರ್ಚಿನಲ್ಲಿ ಮೊದಲ ಸಾಕ್ಷ್ಯ ಸಿಕ್ಕಿತು. ಎಂಪ್ರೆಸಿನ ಕುರ್ಚಿಗಳು ಗಟ್ಟಿ, ಆದ್ದರಿಂದ ಎಲ್ಲರೂ ಮನೆಯಿಂದ ಮೆತ್ತೆ ಒಯ್ಯುತ್ತಾರೆ. ಮೇವಿಸಳ ಚೀಲದಲ್ಲಿ ಎರಡು ಮೆತ್ತೆ ಇದ್ದವು. ಮೇವಿಸ್ ಸಣಕಲು ಹೆಂಗಸು. ಒಂದು ಮೆತ್ತೆಯಲ್ಲೇ ಅವಳಿಗೆ ಇನ್ನೂ ಜಾಗ ಮಿಗುತ್ತದೆ.

ಏಪ್ರಿಲಿನಲ್ಲಿ ಎರಡನೆಯದು. ಮನೆಗೆ ಬಂದು ಅವಳು ಟೋಪಿ ತೆಗೆಯಲು ಬಗ್ಗಿದಾಗ ಬಿಯರ್ ವಾಸನೆ ಬಂತು. ಮೇವಿಸ್ ಕುಡಿಯುವುದು ಒಂದು ಗುಟುಕು ಶೆರ್ರಿ ವೈನ್ ಮಾತ್ರ. ಬಿಯರನ್ನು ಅವಳು 'ಒದ್ದೆ ನಾಯಿ' ಎಂದು ಕರೆಯುತ್ತಿದ್ದಳು. ಹಾಗಾದರೆ ಬಿಯರ್ ಕುಡಿದ ಯಾರೋ ಅವಳ ಮುಖಕ್ಕೆ ಬಹಳ ಹತ್ತಿರ ಇದ್ದಿರಬೇಕು. ಎಷ್ಟು ಹತ್ತಿರ ಎಂಬುದನ್ನು ಕ್ಲಿಫರ್ಡನ ಮನಸ್ಸು ತಾನೇ ಅಂಗುಲ ಲೆಕ್ಕದಲ್ಲಿ ಅಳೆಯತೊಡಗಿತು, ನಿಲ್ಲಿಸಿದರೂ ನಿಲ್ಲಲಿಲ್ಲ.

ಜೂನಿನಲ್ಲಿ ಮೂರನೆಯದು, ಅದು ಲಿಖಿತ. ಅವಳ ಕೋಟಿನ ಜೇಬಿನಲ್ಲಿ ಥಿಯೇಟರ್ ಬಾರಿನ ಚೀಟಿ. ಮಧ್ಯಂತರ ಇರುವುದು ಹದಿನೈದು ನಿಮಿಷ, ಬಾರು ಇರುವುದು ಬಚ್ಚಲುಮನೆಯಷ್ಟು. ಆದ್ದರಿಂದ ಆಟ ಶುರುವಾಗುವ ಮೊದಲೇ ಬೇಕಾದ್ದನ್ನು ಹೇಳಿಟ್ಟರೆ, ಮಧ್ಯಂತರಕ್ಕೆ ಗೋಡೆಯ ಹಲಗೆಯ ಮೇಲೆ ನಿಮ್ಮ ಹೆಸರಿನ ಚೀಟಿ, ಚೀಟಿಯ ಮೇಲೆ ನಿಮ್ಮ ಗ್ಲಾಸು ಕಾದಿರುತ್ತದೆ. ಈ ಚೀಟಿಯಲ್ಲಿ ಹೀಗಿತ್ತು: 'ಹೋಲ್‌ರಾಯ್ಡ್. ಶೆರ್ರಿ ಒಂದು. ಬಿಯರ್ ಅರ್ಧ ಪಿಂಟ್.'

ಕ್ಲಿಫರ್ಡ್ ಅದನ್ನು ಮೂರು ಸಲ ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಮೊದಲಿದ್ದ ಜೇಬಿನಲ್ಲೇ ಇಟ್ಟ. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಆ ದಿನ ಮೊದಲ ಸಲ ಯೋಚಿಸಿದ. ಕೆಟಲ್ ಇರುತ್ತದೆ, ಗಡಿಯಾರ ಇರುತ್ತದೆ. ಮುಂದೆ ಏನೂ ಹೊಳೆಯಲಿಲ್ಲ.

ನೇರವಾಗಿ ಕೇಳಬಹುದಿತ್ತಲ್ಲ ಎಂದು ಓದುಗರು ಅನ್ನಬಹುದು. ಮೊದಲೇ ತಿಳಿಸಿ ಮಾಡಿದ ತಪಾಸಣೆ ತಪಾಸಣೆಯೇ ಅಲ್ಲ ಎಂಬುದು ಇಲಾಖೆಯ ಮೊದಲ ಪಾಠ. ಅಲ್ಲದೆ ಉತ್ತರ ಹೌದು ಅಂತಲೂ ಬರಬಹುದಿತ್ತು.

ಆದ್ದರಿಂದ ಅವನು ಕೇಳಿದ್ದು ರಾನಿ ಥ್ವೇಟನನ್ನು. ರಾನಿ ನಿವೃತ್ತ ಬಸ್ ಚಾಲಕ. ಪುರಸಭೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ ಇವನ ತುಂಡಿಗೆ ಅವನದು ಅಂಟಿಕೊಂಡಿತ್ತು. ಕೋಸಿನ ಸಾಲಿಗೆ ಬಲೆ ಕಟ್ಟುತ್ತ ರಾನಿ ಎಲ್ಲವನ್ನೂ ಕೇಳಿಸಿಕೊಂಡ.

"ಅರ್ಧ ಪಿಂಟಾ?" ಎಂದ. ಆ ಊರಿನ ಗಂಡಸರು ಬಿಯರ್ ಕುಡಿಯುವುದು ಪೂರ್ತಿ ಒಂದು ಪಿಂಟಿನ ದೊಡ್ಡ ಗ್ಲಾಸಿನಲ್ಲಿ, ಆದ್ದರಿಂದ ಅವನಿಗೆ ಬೇರೆಲ್ಲಕ್ಕಿಂತ ಅದೇ ಹೆಚ್ಚು ಕೆಟ್ಟದಾಗಿ ಕಂಡಿತು. "ಅರ್ಧ ಕುಡಿಯೋ ಗಂಡಸನ್ನ ನಾನು ನಂಬಲ್ಲಪ್ಪ."

"ನಾನೂ ಅರ್ಧಾನೇ ಕುಡಿಯೋದು."

"ನಿನ್ನ ವಿಷಯ ಬೇರೆ, ಕ್ಲಿಫ್. ನಿನ್ನನ್ನ ನಂಬೋ ಪ್ರಸಂಗಾನೇ ನನಗೆ ಬಂದಿಲ್ಲ." ರಾನಿ ಗಂಟು ಬಿಗಿದ. "ಹೆಂಗಸು ಹಾಡ್ತಾಳಾ ಮನೇಲಿ?"

"ಪಾತ್ರೆ ತೊಳೆಯೋವಾಗ. ಬಾಯ್ಮುಚ್ಚಿ ಗುನುಗ್ತಾಳೆ."

"ಯಾವ ಥರ ಹಾಡು? ಖುಷೀದೋ, ದುಃಖದ್ದೋ?"

"ನಂಗೆ ಗೊತ್ತಾಗಲ್ಲ. ಎಲ್ಲಾ ಒಂದೇ ಥರ ಕೇಳ್ಸುತ್ತೆ."

"ಹಾಗಾದ್ರೆ ಖುಷೀದೇ." ರಾನಿ ವೈದ್ಯರು ತಲೆಯಾಡಿಸುವಂತೆ ತಲೆಯಾಡಿಸಿದ. "ನೀನು ಅವನನ್ನ ಕೈಯಲ್ಲಿ ಗ್ಲಾಸಿರೋವಾಗ್ಲೇ ಹಿಡೀಬೇಕು. ಗ್ಲಾಸ್ ಕೆಳಗಿಟ್ಟ ಮೇಲೆ ಯಾರು ಬೇಕಾದ್ರೂ ಯಾರಾದ್ರೂ ಆಗ್ಬಹುದು."

ಕ್ಲಿಫರ್ಡ್ ಜುಲೈ ಪೂರ್ತಿ ಮತ್ತು ಆಗಸ್ಟ್ ಪೂರ್ತಿ ಧೈರ್ಯ ಕೂಡಿಸಿದ. ಆ ಎರಡು ತಿಂಗಳು ಮನೆಯನ್ನೆಲ್ಲ ಜಾಲಾಡಿದ. ಚೀಲ, ಡ್ರಾಯರು, ಟೋಪಿಯ ಡಬ್ಬಿ, ಹಿಟ್ಟಿನ ಡಬ್ಬಿ ಯಾವುದನ್ನೂ ಬಿಡಲಿಲ್ಲ. ಪ್ರತಿ ಸಂಜೆ ಗಡಿಯಾರಕ್ಕೆ ಕೀಲಿ ಕೊಡುತ್ತ, ಇನ್ನು ಎಲ್ಲಿ ಹುಡುಕಲಿ ಎಂದು ಯೋಚಿಸಿದ.

ಸೆಪ್ಟೆಂಬರಿನ ಕೊನೆಯ ಬುಧವಾರ ಮೇವಿಸ್ ಹೊಸ್ತಿಲ ಮೇಲೆ ನಿಂತಳು. "ಇವತ್ತು ಬುಧವಾರ."

"ಗೊತ್ತು."

ಆ ದಿನ ಅವಳು ಅರ್ಧ ನಿಮಿಷಕ್ಕಿಂತ ಹೆಚ್ಚು ನಿಂತಳು. "ಹಡಗಿನದು," ಎಂದಳು. ಧ್ವನಿ ಮೆತ್ತಗಿತ್ತು. "ಇವತ್ತು ಹಡಗಿನದು, ಕ್ಲಿಫ್."

ಅವಳು ಹೋದ ಮೇಲೆ ಕ್ಲಿಫರ್ಡ್ ಕುರ್ಚಿಯಿಂದ ಎದ್ದ. ಹಡಗಿನವನು! ನಾವಿಕ! ಸಮುದ್ರದಿಂದ ಐವತ್ತು ಮೈಲಿ ದೂರದ ಊರಿನಲ್ಲಿ! ಹೆಂಡತಿ ಅರ್ಧ ತಪ್ಪೊಪ್ಪಿಗೆ ಕೊಟ್ಟೇ ಹೋಗಿದ್ದಾಳೆ, ಉಳಿದರ್ಧವನ್ನು ತಾನೇ ವಸೂಲು ಮಾಡಬೇಕು ಎಂದುಕೊಂಡು ಅವನು ಹಳೆಯ ಸರ್ಕಾರಿ ಮಳೆಕೋಟು ಹಾಕಿಕೊಂಡು ಮಧ್ಯಂತರಕ್ಕೆ ಸರಿಯಾಗಿ ತಲುಪುವ ಬಸ್ಸು ಹಿಡಿದ.

ಎಂಪ್ರೆಸಿನ ಹಿಂಬಾಗಿಲು, ಪೀಪಾಯಿ ಉರುಳಿಸುವ ದಾರಿ, ಎಲ್ಲವೂ ಅವನಿಗೆ ಕಣ್ಣು ಕಟ್ಟಿದರೂ ಗೊತ್ತು. ಬಾರಿನಲ್ಲಿ ಇಪ್ಪತ್ತು ವರ್ಷದಿಂದ ಇರುವ ಮಿಸೆಸ್ ಪಿಕಲ್ಸ್ ಅವನನ್ನು ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗೆ ಹಾಕಿದಳು.

"ಮಿಸ್ಟರ್ ಹೋಲ್‌ರಾಯ್ಡ್! ಅಂತೂ ಬಂದ್ರಲ್ಲ!"

ಅಪರಾಧಿಯ ಮಾತು ಎಂದುಕೊಂಡ ಕ್ಲಿಫರ್ಡ್. "ನಾನು ಬಂದಿಲ್ಲ ಅಂದ್ಕೊಳ್ಳಿ," ಎಂದು ತುಟಿಗೆ ಬೆರಳಿಟ್ಟು, ಕೋಟುಗಳು ನೇತಾಡುವ ಕಂಬದ ಹಿಂದೆ, ಒದ್ದೆ ಉಣ್ಣೆಯ ನಡುವೆ ನಿಂತ.

ಹಲಗೆಯ ಮೇಲೆ ಗ್ಲಾಸುಗಳು ಸಾಲಾಗಿ ಕಾದಿದ್ದವು. ಎಡದಿಂದ ಆರನೆಯ ಚೀಟಿ. 'ಹೋಲ್‌ರಾಯ್ಡ್.' ಶೆರ್ರಿ ಒಂದು, ಅರ್ಧ ಪಿಂಟ್ ಒಂದು. ಅವನ ಹೆಂಡತಿಯ ಜೊತೆಗೆ, ಅವನ ಮೆತ್ತೆಯ ಮೇಲೆ, ಅವನದೇ ಹೆಸರಿನಲ್ಲಿ ಕುಡಿಯುವ ಆಸಾಮಿ! ಹೆಸರನ್ನಾದರೂ ತಂದುಕೊಳ್ಳಬಾರದೆ?

ಗೋಡೆಯ ಆಚೆಯಿಂದ ವಾದ್ಯಗಳು ಏರಿದವು. ಅವನಿಗೆ ಆ ಸ್ವರ ಗೊತ್ತಿತ್ತು. ದೀಪಸ್ತಂಭದ ಕಾವಲುಗಾರನ ಮಗಳು ದಂಡೆಯಲ್ಲಿ ನಿಂತು ಕೈ ಬೀಸುತ್ತಾಳೆ, ಅವಳ ಹುಡುಗನ ಹಡಗು ಹೊರಡುತ್ತದೆ, ಪರದೆ ಬೀಳುತ್ತದೆ. ಕರ್ತವ್ಯದ ಮೇಲೆ ಬಂದು ಅವನು ಇದನ್ನು ಮೂರು ಸಲ ಕೇಳಿದ್ದ. ಅರವತ್ತನಾಲ್ಕರಲ್ಲಿ, ಎಪ್ಪತ್ತೊಂದರಲ್ಲಿ, ಎಂಬತ್ತಮೂರರಲ್ಲಿ. ಈಗ ಅದನ್ನೆಲ್ಲ ಯೋಚಿಸುವ ಹೊತ್ತಲ್ಲ ಎಂದು ಅವನು ಹಲಗೆಯ ಮೇಲೆ ಕಣ್ಣು ನೆಟ್ಟ.

ಬಾಗಿಲು ತೆರೆದು ಜನ ನುಗ್ಗಿದರು. ಎಲ್ಲರೂ ಅರವತ್ತು ದಾಟಿದವರು, ಹತ್ತರಲ್ಲಿ ಒಂಬತ್ತು ಹೆಂಗಸರು. ಕ್ಲಿಫರ್ಡ್ ಗಂಡಸರನ್ನು ಒಬ್ಬೊಬ್ಬರನ್ನಾಗಿ ಜರಡಿ ಹಿಡಿದ. ಊರುಗೋಲಿನವನು ನಿಂಬೆ ಪಾನಕ ತೆಗೆದುಕೊಂಡ. ಕೊರಳಿಗೆ ರೇಷ್ಮೆ ವಸ್ತ್ರ ಸುತ್ತಿದವನು (ಇವನೇ, ಇವನೇ!) ಕಾಫಿ ತೆಗೆದುಕೊಂಡು ತನ್ನ ಹೆಂಡತಿಗೇ ಕೊಟ್ಟ. ಹಲಗೆ ಬರಿದಾಗುತ್ತ ಬಂತು. ಆ ಶೆರ್ರಿ ಮತ್ತು ಅರ್ಧ ಪಿಂಟ್ ಮಾತ್ರ ಅಲ್ಲೇ ಇದ್ದವು. ಎಂಟು ನಿಮಿಷ. ಒಂಬತ್ತು.

ಆಗ ಅವನ ಕಣ್ಣಿಗೆ ಬಿತ್ತು. ನೊರೆ ಇಳಿದಿತ್ತು, ಬಿಯರ್ ಗೆರೆಗಿಂತ ಒಂದು ಬೆರಳು ಕೆಳಗಿತ್ತು.

ನಲವತ್ತು ವರ್ಷದ ಅಭ್ಯಾಸ ಮನುಷ್ಯನ ಅಪ್ಪಣೆ ಕೇಳುವುದಿಲ್ಲ. ದಾಂಪತ್ಯ, ನಾವಿಕ, ಕಂಬದ ಮರೆ ಎಲ್ಲವನ್ನೂ ಮರೆತು ಕ್ಲಿಫರ್ಡ್ ಕೋಟುಗಳ ನಡುವಿನಿಂದ ಹೊರಬಂದು, ಗ್ಲಾಸನ್ನು ಎತ್ತಿ, ಕಿಟಕಿಯ ಬೆಳಕಿಗೆ, ಕಣ್ಣಿನ ಮಟ್ಟಕ್ಕೆ ಹಿಡಿದ.

"ಮೂವತ್ತೊಂಬತ್ತನೇ ವಾರ," ಎಂದಿತು ಬೆನ್ನ ಹಿಂದೆ ಒಂದು ಧ್ವನಿ. "ಪರವಾಗಿಲ್ಲ. ನಾನು ಐವತ್ತಾದ್ರೂ ಆಗುತ್ತೆ ಅಂದ್ಕೊಂಡಿದ್ದೆ."

ಮೇವಿಸ್ ತನ್ನ ಶೆರ್ರಿ ಎತ್ತಿಕೊಂಡಳು.

"ಎಲ್ಲಿ ಅವನು?" ಎಂದ ಕ್ಲಿಫರ್ಡ್.

"ಯಾವನು?"

"ಇದನ್ನ ಕುಡಿಯೋನು!"

ಮೇವಿಸ್ ಅವನ ಕೈಯಲ್ಲಿದ್ದ ಗ್ಲಾಸನ್ನು ನೋಡಿದಳು, ಅವನನ್ನು ನೋಡಿದಳು, ಅವನ ಮಳೆಕೋಟಿಗೆ ಅಂಟಿದ್ದ ಬೇರೆ ಯಾರದೋ ಉಣ್ಣೆಯ ನೂಲನ್ನು ನೋಡಿದಳು. ವಿಷಯ ನಿಧಾನವಾಗಿ ಅವಳಿಗೆ ಅರ್ಥವಾಯಿತು.

"ಅಯ್ಯೋ ನನ್ನ ಪೆದ್ದೇ," ಎಂದಳು. "ಅದು ನಿಂದು ಕಣೋ. ಪ್ರತಿ ವಾರ ನಿಂಗೆ ಅಂತ ಹೇಳಿಡ್ತೀನಿ, ಪ್ರತಿ ವಾರ ನೀನು ಬರಲ್ಲ, ಚೆಲ್ಲೋಕೆ ಮನಸ್ಸು ಬರದೆ ಮೂಗು ಮುಚ್ಕೊಂಡು ನಾನೇ ಕುಡೀತೀನಿ. ಮೂವತ್ತೆಂಟು ವಾರ ಒದ್ದೆ ನಾಯಿ ಕುಡಿದಿದೀನಿ ನಿನ್ನ ದೆಸೆಯಿಂದ."

"ನಂಗೆ ಯಾರು ಹೇಳಿದ್ರು ಬಾ ಅಂತ?"

"ಲಕೋಟೆ ಹೇಳ್ತಲ್ಲ."

"ಯಾವ ಲಕೋಟೆ?" ಎಂದ ಕ್ಲಿಫರ್ಡ್. ಒಲೆಗೂಡು ಕಣ್ಣ ಮುಂದೆ ಬಂತು. ಗಡಿಯಾರ ಬಂತು. ಗಡಿಯಾರದ ಹಿಂದೆ ಕಾಲುವೆ ಸಂಘ ಬಂತು, ಅದರ ಕಾರ್ಯದರ್ಶಿ ಬಂದ.

"ಎರಡು ಸೀಟು, ವರ್ಷ ಪೂರ್ತಿ," ಎಂದಳು ಮೇವಿಸ್. "ಮೊದಲನೇ ವಾರ ನಿಂಗೆ ನೆಗಡಿ ಅಂದ್ಕೊಂಡೆ. ಎರಡನೇ ವಾರ ಇನ್ನೇನು ತೆರೀತಾನೆ ಅಂದ್ಕೊಂಡೆ. ಮೂರನೇ ವಾರ ಕೋಪ ಬಂತು. ಆಮೇಲೆ ನೋಡೇಬಿಡೋಣ ಅಂತ ಹಟ ಬಂತು."

"ನಿಂಗೆ ಹಾಡು ಅಂದ್ರೇ ಆಗಲ್ಲ ಮೇವಿಸ್."

"ಈಗಲೂ ಆಗಲ್ಲ. ಇವತ್ತು ಆ ಹುಡುಗಿ ದಂಡೇಲಿ ನಿಂತು ಹಾಡೋ ಬದಲು ಕೂಗಿದ್ದಿದ್ರೆ ಹಡಗು ನಿಲ್ತಿತ್ತು." ಅವಳು ಶೆರ್ರಿ ಗ್ಲಾಸನ್ನೇ ನೋಡುತ್ತ ಹೇಳಿದಳು. "ನಿನ್ನ ಬೀಳ್ಕೊಡುಗೆ ದಿನ ಎದ್ದು ನಿಂತು ನೀನೇ ಹೇಳ್ದೆ. ಇಲಾಖೆಯವರೆಲ್ಲ ಇದ್ರು. ನಲವತ್ತು ವರ್ಷದಲ್ಲಿ ಇನ್ನೂರು ನಾಟಕದ ಮೊದಲರ್ಧದ ಕೊನೆ ಕೇಳಿದೀನಿ, ಒಂದರದ್ದೂ ಮುಂದೇನಾಯ್ತು ಗೊತ್ತಿಲ್ಲ, ಆ ಹಡಗು ವಾಪಸ್ ಬಂತೋ ಇಲ್ವೋ ಅಂತ ಇವತ್ತಿಗೂ ಗೊತ್ತಿಲ್ಲ ಅಂದೆ. ಅಂದು ಕಣ್ಣೊರೆಸ್ಕೊಂಡೆ."

"ನಾನಾ?"

"ನೀನೇ. ಅರ್ಧ ಅರ್ಧ ಅಂತ ನಾಲ್ಕು ಕುಡಿದಿದ್ದೆ."

ಗಂಟೆ ಹೊಡೆಯಿತು. ಕ್ಲಿಫರ್ಡ್ ಹೇಳಬೇಕಾದ ಮಾತುಗಳು ಬಹಳ ಇದ್ದವು. ಅವುಗಳಲ್ಲಿ ಒಂದು ಕ್ಷಮಿಸು ಎಂಬುದು. ಆದರೆ ಅವನ ಬಾಯಿಂದ ಬಂದದ್ದು, "ಇದು ಒಂದು ಬೆರಳು ಕಡಿಮೆ ಇದೆ," ಎಂದು.

"ಕುಡಿದು ಬಾ," ಎಂದಳು ಮೇವಿಸ್.

'ಎಫ್' ಸಾಲಿನ ಹದಿನಾಲ್ಕನೆಯ ಕುರ್ಚಿಯ ಮೇಲೆ ಅವನ ಮೆತ್ತೆ ಇತ್ತು, ಯಾರೂ ಕೂರದೆ ಉಬ್ಬಿಕೊಂಡು. ಪಕ್ಕದ ಕುರ್ಚಿಯ ಮುದುಕಿ ತನ್ನ ಕೈಚೀಲವನ್ನು ಅದರ ಮೇಲಿಂದ ತೆಗೆಯುತ್ತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರು ನಿಜವಾಗ್ಲೂ ಇದಾರಾ!" ಎಂದಳು ಮೇವಿಸಳಿಗೆ. ಆಮೇಲೆ ಕ್ಲಿಫರ್ಡನ ಕಡೆ ತಿರುಗಿ, "ಏನೂ ಅಂದ್ಕೋಬೇಡಿ. ಈ ಸಾಲಿನವರೆಲ್ಲ ನೀವು ತೀರ್ಕೊಂಡಿದೀರಿ ಅಂತಾನೇ ತಿಳ್ಕೊಂಡಿದ್ವಿ. ಪಾಪ, ನೆನಪಿಗೆ ಅಂತ ಮೆತ್ತೆ ಇಡ್ತಾಳೆ, ಬಿಯರ್ ಇಡ್ತಾಳೆ ಅಂತ. ಈಸ್ಟರ್‌ನಲ್ಲಿ ನಿಮ್ಮ ಆತ್ಮಕ್ಕೆ ಒಂದು ಮೇಣದಬತ್ತೀನೂ ಹಚ್ಚಿದ್ದೆ."

"ತುಂಬಾ ಉಪಕಾರ," ಎಂದ ಕ್ಲಿಫರ್ಡ್.

ದೀಪ ಆರಿತು. ಪರದೆ ಎದ್ದಿತು. ಮುಂದಿನ ಒಂದು ಗಂಟೆ ಅವನು ಅಲುಗಲಿಲ್ಲ. ಹಡಗು ವಾಪಸ್ ಬಂತು. ಅದು ಬರುವಾಗ (ಹಲಗೆಯ ಹಡಗು, ಒಂದು ಚಕ್ರ ಸಿಕ್ಕಿಹಾಕಿಕೊಂಡಿತ್ತು, ನಾವಿಕನ ಪಾತ್ರ ಮಾಡುತ್ತಿದ್ದ ಊರಿನ ಕಸಾಯಿ ಅಂಗಡಿಯವನು ಇಳಿದು ತಳ್ಳಬೇಕಾಯಿತು) ಮೇವಿಸ್ ತನ್ನ ಕರವಸ್ತ್ರವನ್ನು ಎಡಕ್ಕೆ ಚಾಚಿದಳು. ಅದು ಬೇಕಾದವನು ತೆಗೆದುಕೊಂಡ.

ಮರುದಿನ ತರಕಾರಿ ತೋಟದಲ್ಲಿ ರಾನಿ ಥ್ವೇಟ್ ಕೋಸನ್ನು ಬಿಟ್ಟು ಬೇಲಿಯ ಹತ್ತಿರವೇ ಕಾದಿದ್ದ.

"ಹಿಡಿದ್ಯಾ?"

"ಹಿಡಿದೆ," ಎಂದ ಕ್ಲಿಫರ್ಡ್, ಗುದ್ದಲಿ ನೋಡುತ್ತ.

"ಕೈಯಲ್ಲಿ ಗ್ಲಾಸಿತ್ತಾ?"

"ಇತ್ತು."

"ಎಂಥಾ ಗಂಡಸು? ಎತ್ತರದ ಆಳಾ?"

"ಅಂಥಾ ಎತ್ತರ ಏನಲ್ಲ. ಅರವತ್ತು ದಾಟಿದೆ. ಕೂದಲು ಕಮ್ಮಿ."

"ಕೆಲಸ?"

"ಬಿಟ್ಟಿದಾನೆ."

ರಾನಿ ಬೇಲಿಗೆ ಒರಗಿದ. "ಮೇವಿಸ್ ಅಂಥಾ ಬುದ್ಧಿವಂತೆ," ಎಂದ. "ಅವನಲ್ಲಿ ಏನು ಕಂಡ್ಲೋ."

"ನಾನೂ ನಿನ್ನೆಯಿಂದ ಅದನ್ನೇ ಯೋಚಿಸ್ತಿದೀನಿ."

"ಇನ್ನು ಮುಂದೆ ಅವನ ಜೊತೆ ಹೋಗಲ್ಲ ತಾನೇ?"

"ಹೋಗ್ತಾಳೆ. ಇನ್ನೂ ಹದಿಮೂರು ವಾರ ಇದೆ."

"ನೀನು ಸುಮ್ನೆ ನೋಡ್ತಾ ಕೂತಿರ್ತೀಯಾ?"

"ಇಲ್ಲ," ಎಂದ ಕ್ಲಿಫರ್ಡ್. "ಇನ್ಮೇಲೆ ಎರಡೂ ಮೆತ್ತೆ ನಾನೇ ಹೊರ್ಬೇಕಂತೆ."

ರಾನಿ ತಲೆಯ ಮೇಲಿದ್ದ ಟೋಪಿಯನ್ನು ನಿಧಾನವಾಗಿ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಬೇಲಿಯ ಮೇಲಿಂದ ತನ್ನ ಅತಿ ದೊಡ್ಡ ಕೋಸನ್ನು ತೆಗೆದುಕೊಟ್ಟ.